ಬೈಗಿನ ಹಿಟ್ಟು ಎಷ್ಟು ಹೊತ್ತಿಗೆ?

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಮನೆಗೇ ಬಂದು ಕೇಳಿದಾಗ ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. 1974ರಲ್ಲಿ ಈ ಪ್ರೌಢಶಾಲೆ ಆರಂಭವಾದಾಗ ಎಂಟನೇ ತರಗತಿಗೆ ಸೇರಿದ ಮೊದಲ ತಂಡದಲ್ಲಿ ನಾನೂ ಒಬ್ಬ. ಮುಂದೆ ಸಮಾಜ ವಿಜ್ಞಾನದ ಶಿಕ್ಷಕನಾಗಿ ಹಲವು ಊರು ಸುತ್ತಿ, ಕೊನೆಯ ಒಂಬತ್ತು ವರ್ಷ ಇದೇ ಶಾಲೆಯಲ್ಲಿ ಪಾಠ ಮಾಡಿ, 2021ರಲ್ಲಿ ನಿವೃತ್ತನಾದೆ. ಶಾಲೆಗೆ ಜಾಗ ಕೊಟ್ಟವರು, ಕಟ್ಟಡ ಎಬ್ಬಿಸಿದವರು, ಮುಖ್ಯೋಪಾಧ್ಯಾಯರುಗಳು, ಫಲಿತಾಂಶಗಳು, ಇವುಗಳ ಬಗ್ಗೆ ಬೇರೆಯವರು ಬರೆಯುತ್ತಿದ್ದಾರೆ. ಯಾವ ದಾಖಲೆ ಪುಸ್ತಕದಲ್ಲೂ ಸಿಗದ ಒಂದು ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ನಮ್ಮೂರಿನಲ್ಲಿ ರಾತ್ರಿ ಊಟದ ಹೊತ್ತು ಈ ಐವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು, ಅದಕ್ಕೂ ನಮ್ಮ ಮೈತೂಕಕ್ಕೂ ಇರುವ ಸಂಬಂಧ ಎಷ್ಟು ಎಂಬುದೇ ಆ ವಿಷಯ.

ಇದಕ್ಕೆ ಒಂದು ಕಾರಣವಿದೆ. ಕಳೆದ ದೀಪಾವಳಿಯಲ್ಲಿ ಊರಿಗೆ ಬಂದಿದ್ದ ನಮ್ಮ ತಂಡದ ಹನ್ನೊಂದು ಜನ ಶಾಲೆಯ ಮುಂದಿನ ಅರಳಿಕಟ್ಟೆಯ ಮೇಲೆ ಸೇರಿದ್ದೆವು. ಮಕ್ಕಳ ಮದುವೆ, ಕೊಬ್ಬರಿಯ ಬೆಲೆ, ಬೋರ್‌ವೆಲ್ಲುಗಳ ಆಳ ಎಲ್ಲ ಮುಗಿದ ಮೇಲೆ ಮಾತು ಮಾತ್ರೆಗಳ ಕಡೆ ತಿರುಗಿತು. ಹನ್ನೊಂದರಲ್ಲಿ ಏಳು ಜನ ಸಕ್ಕರೆ ಕಾಯಿಲೆಯವರು. ಆ ಏಳರಲ್ಲಿ ನಾನೂ ಒಬ್ಬ. ಆಗ ಗೆಳೆಯನೊಬ್ಬ ಅಂದ: "ಏನ್ ಮೇಷ್ಟ್ರೇ, ನಮ್ಮಪ್ಪ ನಮ್ಮವ್ವ ದೀಪ ಹಚ್ಚೋ ಹೊತ್ಗೆ ಉಂಡು ಮಲಗ್ತಿದ್ರು. ಅದ್ಕೇ ಕಡ್ಡಿ ಹಂಗಿದ್ರು. ಏಳು ಗಂಟೆ ಒಳಗೆ ಉಂಡ್ರೆ ತೂಕ ಇಳೀತದೆ ಅಂತ ಈಗ ಮೊಬೈಲ್‌ನಲ್ಲೆಲ್ಲ ಹೇಳ್ತಾರಲ್ಲ, ಅದು ನಮ್ಮೋರಿಗೆ ಅವಾಗ್ಲೇ ಗೊತ್ತಿತ್ತು ಅನ್ನಿ."

ಎಲ್ಲರೂ ಹೌದು ಹೌದು ಎಂದರು. ಇತಿಹಾಸದ ಮೇಷ್ಟ್ರಾಗಿ ನಾನು ಹೌದೆನ್ನಲಾರದೆ, ಅಲ್ಲವೆನ್ನಲಾರದೆ ಸುಮ್ಮನೆ ಕುಳಿತೆ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊತ್ತು ಎಂಬ ಮಾತು

ನಮ್ಮ ಭಾಷೆಯಲ್ಲಿ ಹೊತ್ತು ಎಂದರೆ ಸಮಯ. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎನ್ನುವಾಗ ಅದು ಸೂರ್ಯ. ಎರಡು ಹೊತ್ತಿನ ಹಿಟ್ಟಿಗೆ ತೊಂದರೆಯಿಲ್ಲ ಎನ್ನುವಾಗ ಅದೇ ಊಟದ ಲೆಕ್ಕ. ಸೂರ್ಯ, ಸಮಯ, ಊಟ ಮೂರೂ ಒಂದೇ ಮಾತಿನಲ್ಲಿ ಸೇರಿಕೊಂಡಿದ್ದವೆಂದರೆ ಆ ಕಾಲದ ಬದುಕು ಹೇಗಿತ್ತೆಂದು ಊಹಿಸಬಹುದು.

ಈ ಶಾಲೆಯಲ್ಲಿ ಪಾಠ ಮಾಡುವಾಗ ಒಂದು ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದೆ. ನಿಮ್ಮ ಅಜ್ಜಿ ತಾತಂದಿರು ಚಿಕ್ಕವರಿದ್ದಾಗ ರಾತ್ರಿ ಊಟ ಎಷ್ಟು ಗಂಟೆಗೆ ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬನ್ನಿ ಎಂದಿದ್ದೆ. ಮಕ್ಕಳು ತಂದ ಉತ್ತರಗಳಲ್ಲಿ ಗಂಟೆಯ ಲೆಕ್ಕವೇ ಇರಲಿಲ್ಲ. "ದನ ಕಟ್ಟಿ ಹಾಲು ಕರೆದ ಮೇಲೆ", "ಕೋಳಿ ಗೂಡು ಸೇರಿದ ಮೇಲೆ", "ಕೊನೇ ಬಸ್ಸು ಬರೋಕೆ ಮುಂಚೆ", "ಸೊಪ್ಪಿನಾಗೆ ಹುಳ ಐತೋ ಇಲ್ವೋ ಕಾಣೋ ಹೊತ್ನಾಗೆ" ಎಂದಿತ್ತು. ಕೊನೆಯ ಮಾತನ್ನು ಹೇಳಿದ ಅಜ್ಜಿ ತೊಂಬತ್ತರ ಹತ್ತಿರದವರು. ಸೊಪ್ಪು ಸೋಸಲು, ಮುದ್ದೆ ಕಟ್ಟಲು, ಸಾರಿನಲ್ಲಿ ಏನು ಬಿದ್ದಿದೆ ಎಂದು ನೋಡಲು ಬೆಳಕು ಬೇಕಿತ್ತು. ಬೆಳಕಿಗೆ ಸೀಮೆಎಣ್ಣೆ ಬೇಕಿತ್ತು. ಸೀಮೆಎಣ್ಣೆ ಸೊಸೈಟಿಯಲ್ಲಿ ಅಳತೆಗೆ ಸಿಗುತ್ತಿತ್ತು. ಬೇಗ ಉಣ್ಣುವುದರ ಹಿಂದಿದ್ದ ಮೊದಲ ಕಾರಣ ಇದೇ.

ನಮ್ಮ ಕಡೆ ಸೂರ್ಯ ಮುಳುಗುವುದು ನವೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ, ಜುಲೈ ತಿಂಗಳಲ್ಲಿ ಏಳಕ್ಕೆ ಹತ್ತಿರ. ಆ ಲೆಕ್ಕದಲ್ಲಿ ನೋಡಿದರೆ ಊರಿನ ಬಹುಪಾಲು ಮನೆಗಳಲ್ಲಿ ಬೈಗಿನ ಹಿಟ್ಟು ಆರೂವರೆಯಿಂದ ಏಳೂವರೆಯೊಳಗೆ ಮುಗಿಯುತ್ತಿತ್ತು.

ಬೇಗ ಉಣ್ಣಲು ಬೇರೆ ಕಾರಣ ಇದ್ದ ಮನೆಗಳೂ ಇದ್ದವು. ಶ್ರವಣಬೆಳಗೊಳ ನಮಗೆ ದೂರವಲ್ಲ. ನನ್ನ ಜೊತೆ ಓದುತ್ತಿದ್ದ ಜೈನರ ಮನೆಯ ಗೆಳೆಯನೊಬ್ಬ ಸಂಜೆ ಕಬಡ್ಡಿ ಅರ್ಧಕ್ಕೇ ಬಿಟ್ಟು ಓಡುತ್ತಿದ್ದ. ಹೊತ್ತು ಮುಳುಗಿದ ಮೇಲೆ ಅವರಲ್ಲಿ ಊಟವಿಲ್ಲ. ಕತ್ತಲಲ್ಲಿ ಕಣ್ಣಿಗೆ ಕಾಣದ ಜೀವಕ್ಕೆ ಹಿಂಸೆಯಾಗಬಾರದು ಎಂಬ ಧರ್ಮದ ಮಾತು ಅದು. ತೂಕದ ಯೋಚನೆ ಅದರಲ್ಲಿ ಇರಲಿಲ್ಲ.

ಲಾಂದ್ರದ ಕಾಲ

ಮೊದಲ ಮೂರ್ನಾಲ್ಕು ತಂಡದವರಿಗೆ ಶಾಲೆಯ ರಾತ್ರಿ ಓದು ನೆನಪಿರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಹುಡುಗರೆಲ್ಲ ಶಾಲೆಯಲ್ಲೇ ಮಲಗಬೇಕೆಂದು ನಮ್ಮ ಹೆಡ್ಮಾಸ್ಟರು ಕಟ್ಟಪ್ಪಣೆ ಮಾಡಿದ್ದರು. ಮನೆಯಲ್ಲಿ ಹಿಟ್ಟುಂಡು, ಕಂಬಳಿ ಹೊದ್ದು, ಒಂದು ಕೈಯಲ್ಲಿ ಪುಸ್ತಕ ಇನ್ನೊಂದು ಕೈಯಲ್ಲಿ ಲಾಂದ್ರ ಹಿಡಿದು ಏಳೂವರೆಗೆ ಹಾಜರಾಗುತ್ತಿದ್ದೆವು. ಓದಿ ಮಲಗುವಾಗ ಹತ್ತು ಗಂಟೆ. ಹತ್ತಕ್ಕೆ ಮತ್ತೆ ಹಸಿವು. ಹೊಟ್ಟೆ ಹಸಿದರೆ ಶಾಲೆಯ ಹಿಂದಿನ ಬಾವಿಯ ನೀರು, ಯಾರಾದರೂ ಜೇಬಿನಲ್ಲಿ ತಂದಿದ್ದರೆ ಹುರಿದ ಹುರುಳಿಕಾಳು. ಹಿಂದಿನ ಸಂಜೆಯ ಊಟಕ್ಕೂ ಮರುದಿನದ ತಂಗಳಿಗೂ ನಡುವೆ ಹನ್ನೆರಡು ಗಂಟೆ ಬಿಡುವು. ಇದನ್ನು ಈಗ ಉಪವಾಸದ ಒಂದು ಪದ್ಧತಿ ಎಂದು ದುಡ್ಡು ಕೊಟ್ಟು ಕಲಿಯುತ್ತಾರೆ. ನಮಗೆ ಅದು ಬರೀ ಹಸಿವಾಗಿತ್ತು.

ಬೆಳಕು ಬಂತು

ನಮ್ಮ ರಾಜ್ಯ ವಿದ್ಯುತ್ತಿನಲ್ಲಿ ದೇಶಕ್ಕೇ ಮುಂದಿತ್ತೆಂದು ನಾನು ಪಾಠ ಮಾಡುತ್ತಿದ್ದೆ. ಅದು ನಿಜ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ನಮ್ಮೂರಿಗೆ ಕಂಬ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಅದೂ ಬೀದಿಗೆ ನಾಲ್ಕು ದೀಪ, ಉಳ್ಳವರ ಕೆಲವು ಮನೆ, ಒಂದು ಹಿಟ್ಟಿನ ಗಿರಣಿಗೆ ಮಾತ್ರ. ಬಡವರ ಮನೆಗೆ ಒಂದು ಬಲ್ಬು ಹಾಕಿಕೊಡುವ ಸರ್ಕಾರದ ಭಾಗ್ಯಜ್ಯೋತಿ ಯೋಜನೆ ಶುರುವಾದದ್ದು 1979-80ರಲ್ಲಿ. ನಮ್ಮ ಮನೆಯ ನಡುಗಂಬಕ್ಕೆ ನೇತುಬಿದ್ದ ಆ 40 ವ್ಯಾಟಿನ ಬಲ್ಬಿನ ಕೆಳಗೆ ನಮ್ಮವ್ವ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇತಿಹಾಸದ ವಿದ್ಯಾರ್ಥಿಗಳು ಇಲ್ಲೊಂದು ಸಂಗತಿ ಗಮನಿಸಬೇಕು. ಬಲ್ಬು ಬಂದ ಮರುದಿನವೇ ಊಟದ ಹೊತ್ತು ಬದಲಾಗಲಿಲ್ಲ. ಇನ್ನೂ ಹತ್ತು ಹದಿನೈದು ವರ್ಷ ಊರು ಏಳಕ್ಕೇ ಉಂಡು ಎಂಟೂವರೆಗೆ ಮಲಗುತ್ತಿತ್ತು. ಎಚ್ಚರವಿರಲು ಬೆಳಕು ಸಿಕ್ಕಿತ್ತು, ಎಚ್ಚರವಿರಲು ಕಾರಣ ಸಿಕ್ಕಿರಲಿಲ್ಲ.

ಊಟ ಹಿಂದಕ್ಕೆ ಸರಿದದ್ದು

ಆ ಕಾರಣಗಳು ಒಂದೊಂದಾಗಿ ಬಂದವು. ಮೊದಲನೆಯದು ಟಿವಿ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಾದರೂ ನಮ್ಮೂರಿಗೆ ಮೊದಲ ಟಿವಿ ಬಂದದ್ದು ರಾಮಾಯಣ ಧಾರಾವಾಹಿಯ ಕಾಲಕ್ಕೆ, ಅಂದರೆ 1987ರಲ್ಲಿ. ರಾಮಾಯಣ ಭಾನುವಾರ ಬೆಳಿಗ್ಗೆ ಬರುತ್ತಿದ್ದರಿಂದ ಅದು ರಾತ್ರಿ ಊಟವನ್ನು ಮುಟ್ಟಲಿಲ್ಲ. 1994ರಲ್ಲಿ ಉದಯ ಟಿವಿ ಬಂತು, ಬೆನ್ನಿಗೇ ಊರಿಗೆ ಕೇಬಲ್ ಬಂತು. ದಿನವೂ ಸಂಜೆ ಒಂದಾದ ಮೇಲೊಂದು ಧಾರಾವಾಹಿ. "ಇದೊಂದು ಮುಗೀಲಿ, ಹಿಟ್ಟಿಗೆ ಎಸರಿಡ್ತೀನಿ" ಎಂಬ ಮಾತು ಹುಟ್ಟಿದ್ದು ಆಗ. ಎಸರು ಏಳರಿಂದ ಎಂಟಕ್ಕೆ, ಎಂಟರಿಂದ ಒಂಬತ್ತಕ್ಕೆ ಹೋಯಿತು.

ಎರಡನೆಯದು ಪಂಪ್‌ಸೆಟ್. ತೋಟಗಳು ಹೆಚ್ಚಿದವು. ತ್ರೀಫೇಸ್ ಕರೆಂಟು ಕೊಟ್ಟಾಗಲೇ ಮೋಟಾರು ಓಡಬೇಕು. ಅದು ರಾತ್ರಿ ಕೊಟ್ಟರೆ ಗಂಡಸರು ರಾತ್ರಿಯೇ ನೀರು ಕಟ್ಟಲು ಹೋಗಬೇಕು. ಬಂದಾಗ ಉಂಡರೆ ಅದೇ ರಾತ್ರಿ ಊಟ.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ಹೆಣ್ಣುಮಕ್ಕಳ ಕೆಲಸ. ಪಟ್ಟಣದ ಗಾರ್ಮೆಂಟ್ಸಿಗೆ ನಮ್ಮೂರಿನಿಂದಲೂ ಸುತ್ತಲ ಹಳ್ಳಿಗಳಿಂದಲೂ ಬಸ್ಸು ತುಂಬ ಹೆಣ್ಣುಮಕ್ಕಳು ಹೋಗುತ್ತಾರೆ. ಅವರಲ್ಲಿ ಬಹಳ ಮಂದಿ ಈ ಶಾಲೆಯಲ್ಲೇ ಓದಿದವರು. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿ ಸಂಜೆ ಏಳೂಕಾಲಿಗೆ ಇಳಿಯುವವರು ಏಳು ಗಂಟೆಗೆ ಊಟ ಬಡಿಸುವುದು ಹೇಗೆ?

ಇವೆಲ್ಲದರ ಜೊತೆಗೆ ಸಂಜೆ ಆರರ ಹೊತ್ತಿಗೆ ಒಂದು ಹೊಸ ಊಟ ಹುಟ್ಟಿಕೊಂಡಿತು. ಅದಕ್ಕೆ ಹೆಸರೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಬೋಂಡ ಬಜ್ಜಿ, ಬೇಕರಿಯ ಪಫ್ಸು, ಸಕ್ಕರೆ ಮುಂದಿಟ್ಟ ಟೀ. ಹಿಂದೆ ಬೈಗಿನ ಹಿಟ್ಟಿನ ಜಾಗವಾಗಿದ್ದ ಹೊತ್ತನ್ನು ಈ ತಿಂಡಿ ಹಿಡಿದುಕೊಂಡಿತು. ಹಿಟ್ಟು ರಾತ್ರಿ ಒಂಬತ್ತೂವರೆಗೆ ಹೋಯಿತು. 2016ರ ಈಚೆಗೆ ಮೊಬೈಲ್ ಡೇಟಾ ಅಗ್ಗವಾದ ಮೇಲೆ ಊಟವಾದ ನಂತರವೂ ಮನೆಯವರೆಲ್ಲ ಎಚ್ಚರ, ಎಚ್ಚರವಿದ್ದಾಗ ಬಾಯಿಗೊಂದಿಷ್ಟು ಮಿಕ್ಸ್ಚರು. ಒಪ್ಪೊತ್ತು ಉಂಡವ ಯೋಗಿ, ಎರಡೊತ್ತು ಉಂಡವ ಭೋಗಿ, ಮೂರೊತ್ತು ಉಂಡವ ರೋಗಿ ಎಂಬ ಗಾದೆ ಎಷ್ಟು ಸಲ ಉಂಡೆ ಎಂದು ಕೇಳುತ್ತದೆಯೇ ಹೊರತು ಎಷ್ಟು ಗಂಟೆಗೆ ಉಂಡೆ ಎಂದು ಕೇಳುವುದಿಲ್ಲ. ಗಂಟೆ ಕೇಳಬೇಕಾದ ಪ್ರಸಂಗ ಆಗ ಇರಲೇ ಇಲ್ಲ.

ಹಿರಿಯರು ತೆಳ್ಳಗಿದ್ದದ್ದು ಏಕೆ?

ಈಗ ಗೆಳೆಯನ ಪ್ರಶ್ನೆಗೆ ಬರುತ್ತೇನೆ. ಅವರು ಬೇಗ ಉಣ್ಣುತ್ತಿದ್ದರು, ತೆಳ್ಳಗಿದ್ದರು. ಎರಡೂ ನಿಜ. ಎರಡು ಸಂಗತಿ ಒಂದೇ ಕಾಲದಲ್ಲಿ ಇದ್ದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು ಎಂದು ನಾನೇ ಮಕ್ಕಳಿಗೆ ಹೇಳುತ್ತಿದ್ದೆ.

ನಮ್ಮವ್ವ ಕೋಳಿ ಕೂಗುವ ಮೊದಲು ಎದ್ದು ಬೀಸುವ ಕಲ್ಲಿನಲ್ಲಿ ರಾಗಿ ಬೀಸುತ್ತಿದ್ದಳು. ಬಾವಿಯಿಂದ ನೀರು, ಹೊಲದಲ್ಲಿ ಕಳೆ, ಬರುವಾಗ ತಲೆಯ ಮೇಲೆ ಸೌದೆ. ಅಪ್ಪ ಸಂತೆಗೆ ಹನ್ನೆರಡು ಮೈಲಿ ನಡೆಯುತ್ತಿದ್ದ. ಉಣ್ಣುವಾಗ ಗಂಡಸರಿಗೆ ಮೊದಲು, ಮಕ್ಕಳಿಗೆ ಆಮೇಲೆ, ಅವ್ವನಿಗೆ ತಳದಲ್ಲಿ ಉಳಿದದ್ದು. ಆಷಾಢದಲ್ಲಿ ಕಣಜದ ತಳ ಕಾಣುವಾಗ ಮುದ್ದೆಯ ಗಾತ್ರ ಸಣ್ಣದಾಗುತ್ತಿತ್ತು. 1965-66ರ ಬರದ ವರ್ಷಗಳಲ್ಲಿ ದೇಶಕ್ಕೆ ಅಮೆರಿಕದ ಗೋಧಿ ಬರುತ್ತಿತ್ತು. ನಾವು ಪ್ರೈಮರಿ ಶಾಲೆಗೆ ಓಡುತ್ತಿದ್ದದ್ದು ಅಕ್ಷರದ ಆಸೆಗಿಂತ ಹೆಚ್ಚಾಗಿ ಕೇರ್ ಉಪ್ಪಿಟ್ಟಿನ ಆಸೆಗೆ. ಈ ಮಾತನ್ನು ನನ್ನ ವಯಸ್ಸಿನವರು ಯಾರೂ ಅಲ್ಲಗಳೆಯಲಾರರು. ನಮ್ಮ ಹಿರಿಯರ ತೆಳುಮೈಯಲ್ಲಿ ಆರೋಗ್ಯವೆಷ್ಟು, ಕೊರತೆಯೆಷ್ಟು ಎಂದು ಬಿಡಿಸಿ ನೋಡದೆ ಅದನ್ನು ಹೊಗಳುವುದು ಅವರ ಹಸಿವಿಗೆ ಮಾಡುವ ಅನ್ಯಾಯ.

ಇನ್ನೂ ಒಂದು ಸಾಕ್ಷಿ. ಊರಿನ ಅಂಗಡಿ ಬೀದಿಯಲ್ಲಿ ಹೊತ್ತು ಮುಳುಗುವ ಮೊದಲೇ ಉಣ್ಣುತ್ತಿದ್ದ ಮನೆಗಳಿದ್ದವಲ್ಲ, ಅಲ್ಲಿಯ ಹಿರಿಯರು ಕುಳಿತು ವ್ಯಾಪಾರ ಮಾಡುವವರು. ತುಪ್ಪ ಬೆಲ್ಲಕ್ಕೆ ಕೊರತೆಯಿಲ್ಲ. ಅವರಲ್ಲಿ ಕೆಲವರು ಮೈತುಂಬಿಕೊಂಡೇ ಇದ್ದರು. ಅಂದರೆ ಬೇಗ ಉಂಡ ಮಾತ್ರಕ್ಕೆ ಮೈ ಕರಗದು.

ಈಗಿನ ಲೆಕ್ಕ ಬೇರೆ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಣ್ಣಾಗಲಿ ಗಂಡಾಗಲಿ, ನೂರಕ್ಕೆ ಸುಮಾರು 30 ಜನ ಇರಬೇಕಾದ್ದಕ್ಕಿಂತ ಹೆಚ್ಚು ತೂಕದವರು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಅರಳಿಕಟ್ಟೆಯ ಹನ್ನೊಂದು ಜನರಲ್ಲಿ ಏಳು ಮಂದಿ ಆ ಲೆಕ್ಕದೊಳಗಿನವರು.

ವಿಜ್ಞಾನ ಏನು ಹೇಳುತ್ತದೆ?

ಹಾಗಾದರೆ ಊಟದ ಹೊತ್ತಿಗೆ ಬೆಲೆಯೇ ಇಲ್ಲವೆ? ಇದೆ. ಶಾಲೆಯ ಕೈತೋಟದ ಬೇಲಿಯಲ್ಲಿ ಮುಟ್ಟಿದರೆ ಮುನಿ ಗಿಡವನ್ನು ನೀವೆಲ್ಲ ನೋಡಿದ್ದೀರಿ. ರಾತ್ರಿ ಅದರ ಎಲೆ ಮುಚ್ಚುತ್ತದೆ, ಹಗಲು ಬಿಚ್ಚುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೈರಾನ್ ಎಂಬ ವಿಜ್ಞಾನಿ ಇಂಥ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಎಲೆ ಹೊತ್ತು ತಪ್ಪದೆ ಬಿಚ್ಚಿ ಮುಚ್ಚುತ್ತಿತ್ತು. ಜೀವಿಯ ಒಳಗೇ ಒಂದು ಗಡಿಯಾರವಿದೆ ಎಂಬುದರ ಮೊದಲ ಸುಳಿವು ಅದು. ಆ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಮೈಯಲ್ಲೂ ಆ ಗಡಿಯಾರವಿದೆ. ಅದೇ ಮುದ್ದೆಯನ್ನು, ಅದೇ ಅನ್ನವನ್ನು ಬೆಳಿಗ್ಗೆ ಉಂಡಾಗ ರಕ್ತದಲ್ಲಿ ಏರುವ ಸಕ್ಕರೆಗಿಂತ ರಾತ್ರಿ ಉಂಡಾಗ ಏರುವುದು ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ.

ತೂಕದ ಬಗ್ಗೆ ನಡೆದ ಪ್ರಯೋಗಗಳನ್ನು ಮಗನ ನೆರವಿನಿಂದ ಓದಿಕೊಂಡೆ. ಇಸ್ರೇಲಿನಲ್ಲಿ ತೂಕ ಹೆಚ್ಚಿದ್ದ 93 ಹೆಂಗಸರಿಗೆ ದಿನಕ್ಕೆ 1400 ಕ್ಯಾಲೊರಿಯ ಊಟವನ್ನು 12 ವಾರ ಗೊತ್ತುಪಡಿಸಿದರು. ಅರ್ಧ ಜನಕ್ಕೆ ಬೆಳಗಿನ ಊಟ ದೊಡ್ಡದು, ರಾತ್ರಿಯದು ಚಿಕ್ಕದು. ಇನ್ನರ್ಧ ಜನಕ್ಕೆ ಅದರ ತಿರುವುಮುರುವು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬೆಳಿಗ್ಗೆ ಹೆಚ್ಚು ಉಂಡವರು ಸರಾಸರಿ 8.7 ಕಿಲೊ ಇಳಿದರು, ರಾತ್ರಿ ಹೆಚ್ಚು ಉಂಡವರು 3.6 ಕಿಲೊ. ಅದೇ ವರ್ಷ ಸ್ಪೇನಿನಲ್ಲಿ ತೂಕ ಇಳಿಸಲು ಸೇರಿದ್ದ 420 ಜನರನ್ನು 20 ವಾರ ಗಮನಿಸಿದ ವರದಿಯೂ ಬಂತು. ಅಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನದ್ದು. ಅದನ್ನು ಮೂರು ಗಂಟೆಯ ನಂತರ ಉಣ್ಣುತ್ತಿದ್ದವರು ಮೊದಲೇ ಉಣ್ಣುತ್ತಿದ್ದವರಿಗಿಂತ ಕಡಿಮೆ ಇಳಿದರು. ಬಾಸ್ಟನ್ನಿನಲ್ಲಿ 2022ರಲ್ಲಿ 16 ಜನರಿಗೆ ಅದೇ ಊಟವನ್ನೇ ಸುಮಾರು ನಾಲ್ಕು ಗಂಟೆ ತಡವಾಗಿ ಕೊಟ್ಟು ನೋಡಿದರು. ತಡವಾಗಿ ಉಂಡಾಗ ಹಸಿವು ಹೆಚ್ಚಾಯಿತು, ಮೈ ಖರ್ಚು ಮಾಡುವ ಶಕ್ತಿ ನೂರಕ್ಕೆ ಐದರಷ್ಟು ತಗ್ಗಿತು.

ಇಷ್ಟನ್ನೇ ಓದಿ ನಿಲ್ಲಿಸಿದ್ದರೆ ಗೆಳೆಯನ ಮಾತೇ ಸರಿ ಎಂದು ಬರೆದುಬಿಡುತ್ತಿದ್ದೆ. ಆದರೆ ಅದೇ 2022ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 30 ಜನರ ಮೇಲೆ ನಡೆದ ಪ್ರಯೋಗದಲ್ಲಿ, ದೊಡ್ಡ ಊಟ ಬೆಳಿಗ್ಗೆಯಾದರೂ ರಾತ್ರಿಯಾದರೂ ನಾಲ್ಕು ವಾರದಲ್ಲಿ ಇಳಿದ ತೂಕ ಒಂದೇ, ಮೂರು ಕಿಲೊಗೆ ಸ್ವಲ್ಪ ಹೆಚ್ಚು. ಚೀನಾದ ಗ್ವಾಂಗ್‌ಜೌ ನಗರದಲ್ಲಿ 139 ಜನ ಒಂದು ವರ್ಷ ಒಂದೇ ಮಿತಿಯ ಊಟ ಮಾಡಿದರು. ಅವರಲ್ಲಿ ಒಂದು ಗುಂಪು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೇ ಊಟ ಮುಗಿಸುತ್ತಿತ್ತು. ಆ ಗುಂಪಿನವರು 8 ಕಿಲೊ, ಇನ್ನೊಂದು ಗುಂಪಿನವರು 6.3 ಕಿಲೊ ಇಳಿದರು. ಸಂಖ್ಯಾಶಾಸ್ತ್ರದ ತಕ್ಕಡಿಯಲ್ಲಿ ಆ ಅಂತರ ಗಟ್ಟಿಯಾಗಿ ನಿಲ್ಲಲಿಲ್ಲ.

ಸಾಕ್ಷಿಗಳು ಒಂದಕ್ಕೊಂದು ವಿರುದ್ಧ ಹೇಳಿದಾಗ ಯಾರು ಎಲ್ಲಿ ನಿಂತು ಹೇಳುತ್ತಿದ್ದಾರೆಂದು ನೋಡಬೇಕು. ಅಬರ್ಡೀನ್‌ನಲ್ಲಿ ತಿನ್ನುವುದನ್ನೆಲ್ಲ ಸಂಶೋಧಕರೇ ಅಳೆದು ಕೊಟ್ಟಿದ್ದರು. ಅಳತೆ ಬೇರೆಯವರ ಕೈಯಲ್ಲಿದ್ದಾಗ ಹೊತ್ತಿನಿಂದ ತೂಕದಲ್ಲಿ ವ್ಯತ್ಯಾಸವಾಗಲಿಲ್ಲ. ಆದರೆ ಅಲ್ಲಿಯೂ ಬೆಳಿಗ್ಗೆ ಹೆಚ್ಚು ಉಂಡ ವಾರಗಳಲ್ಲಿ ಜನರಿಗೆ ಹಸಿವು ಕಡಿಮೆಯಿತ್ತು. ನಮ್ಮ ಮನೆಯಲ್ಲಿ ಅಳೆದು ಕೊಡುವವರು ಯಾರೂ ಇಲ್ಲ, ಬಡಿಸಿಕೊಳ್ಳುವ ಕೈ ನಮ್ಮದೇ. ಆ ಕೈಯನ್ನು ನಡೆಸುವುದು ಹಸಿವು. ಹಿಂದೆ ನಮ್ಮೂರಿನಲ್ಲಿ ಅಳೆದು ಹಾಕುತ್ತಿದ್ದದ್ದು ಬಡತನ. ಈಗ ಆ ಅಳತೆಗೋಲು ಹೋಗಿದೆ, ಹೋದದ್ದು ಒಳ್ಳೆಯದೇ ಆಯಿತು. ಅದರ ಜಾಗಕ್ಕೆ ಬೇರೊಂದು ಅಳತೆ ಬೇಕು. ಬೇಗ ಉಂಡು ಅಡುಗೆಮನೆ ಮುಚ್ಚುವುದು ಅಂಥದೊಂದು ಅಳತೆಯಾಗಬಹುದು. ಎಷ್ಟು ಉಂಡೆವು, ಎಷ್ಟು ದುಡಿದೆವು ಎಂಬುದರ ಮುಂದೆ ಅದು ಎರಡನೆಯ ಮಾತು. ಎರಡನೆಯದಾದರೂ ಬೇಡದ ಮಾತಲ್ಲ.

ನನ್ನ ಪ್ರಯೋಗ

ಇದನ್ನೆಲ್ಲ ಪುಸ್ತಕದ ಬದನೆಕಾಯಿ ಎಂದುಕೊಳ್ಳಬೇಡಿ. ನಿವೃತ್ತನಾದ ವರ್ಷ ನನ್ನ ತೂಕ 84 ಕಿಲೊ. ಸಂಜೆ ಆರೂವರೆಗೇ ಊಟ ಬೇಕೆಂದು ಮನೆಯಲ್ಲಿ ಹೇಳಿದೆ. ಎರಡು ತಪ್ಪು ಮಾಡಿದೆ. ಎರಡನ್ನೂ ಹೇಳುತ್ತೇನೆ, ನೀವು ಮಾಡದಿರಲಿ ಎಂದು.

ಮೊದಲನೆಯದು, ವೈದ್ಯರನ್ನು ಕೇಳಲಿಲ್ಲ. ಸಕ್ಕರೆಯ ಮಾತ್ರೆ ಎಂದಿನಂತೆ ನುಂಗಿ, ಆರೂವರೆಗೆ ಅರ್ಧ ಮುದ್ದೆ ಉಂಡು ಮಲಗಿದೆ. ಎಂಟನೆಯ ದಿನ ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವೆತು, ಕೈ ನಡುಗಿ, ಮಾತು ತೊದಲಿತು. ಹೆಂಡತಿ ಎದ್ದು ಸಕ್ಕರೆ ನೀರು ಕುಡಿಸದಿದ್ದರೆ ಈ ಲೇಖನ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ. ರಕ್ತದ ಸಕ್ಕರೆ ತೀರಾ ಇಳಿದಿತ್ತು. "ಊಟದ ಹೊತ್ತು ಬದಲಾಯಿಸಿದರೆ ಮಾತ್ರೆಯ ಲೆಕ್ಕವೂ ಬದಲಾಗಬೇಕು, ನನಗೆ ಹೇಳಬೇಕು ತಾನೆ ಮೇಷ್ಟ್ರೇ?" ಎಂದು ವೈದ್ಯರು ಬೈದರು. ಮಾತ್ರೆಯಲ್ಲಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ದಯವಿಟ್ಟು ಇದನ್ನು ನೆನಪಿಡಿ. ಮೊಬೈಲಿನಲ್ಲಿ ಬರುವ ಸಲಹೆಗೆ ನಿಮ್ಮ ಮಾತ್ರೆ ಯಾವುದೆಂದು ಗೊತ್ತಿರುವುದಿಲ್ಲ.

ಎರಡನೆಯ ತಪ್ಪು ಗೊತ್ತಾಗಲು ತಡವಾಯಿತು. ನನ್ನ ಸೊಸೆ ಗಾರ್ಮೆಂಟ್ಸಿಗೆ ಹೋಗುವವಳು. ಹೆಂಡತಿಗೆ ಮಂಡಿ ನೋವು, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗದು. ಒಂದು ಬೆಳಗಿನ ಜಾವ ನೀರಿಗೆಂದು ಎದ್ದರೆ ಅಡುಗೆಮನೆಯಲ್ಲಿ ದೀಪ. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಸೊಸೆ ಸೊಪ್ಪು ಹೆಚ್ಚುತ್ತಿದ್ದಳು. ಇಷ್ಟು ಬೇಗ ಯಾಕಮ್ಮ ಎಂದೆ. "ಬೈಗಿನ ಸಾರೂ ಈಗ್ಲೇ ಮಾಡಿಟ್ಟು ಹೋಗ್ತೀನಿ ಮಾವ, ನಿಮಗೆ ಆರೂವರೆಗೆ ಬೇಕಲ್ಲ" ಎಂದಳು. ತಿಂಗಳಿನಿಂದ ಹಾಗೇ ನಡೆದಿತ್ತಂತೆ. ಯಾರೂ ನನಗೆ ಹೇಳಿರಲಿಲ್ಲ. ನನ್ನ ಅರ್ಧ ಗೇಣು ಹೊಟ್ಟೆ ಕರಗಿಸಲು ಆ ಹುಡುಗಿ ಒಂದು ಗಂಟೆ ನಿದ್ದೆ ಬಿಟ್ಟಿದ್ದಳು. ನಮ್ಮವ್ವ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದದ್ದೂ ನಾಲ್ಕು ಗಂಟೆಗೇ. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಸ್ವಂತ ಅಡುಗೆಮನೆಯ ಇತಿಹಾಸ ಕಾಣಿಸಿರಲಿಲ್ಲ.

ಅಂದಿನಿಂದ ಸಂಜೆಯ ಅಡುಗೆ ನನ್ನದು. ಅರವತ್ತೊಂದನೇ ವಯಸ್ಸಿನಲ್ಲಿ ಹಿಟ್ಟು ತಿರುವುವುದು ಕಲಿತೆ. ಮೊದಲ ವಾರದ ಮುದ್ದೆಯಲ್ಲಿ ಬರೀ ಗಂಟು. ಹೆಂಡತಿ ಮಣೆಯ ಮೇಲೆ ಕುಳಿತು ಹೇಳುವುದು, ನಾನು ಮಾಡುವುದು. ಉಪ್ಸಾರು, ಹುರುಳಿ ಕಟ್ಟಿನ ಸಾರು, ಸೊಪ್ಪಿನ ಪಲ್ಯ ಈಗ ಕೈಗೆ ಹತ್ತಿವೆ. ಸೊಸೆ ಬಸ್ಸಿಳಿದು ಕೈಕಾಲು ತೊಳೆದು ಬರುವಾಗ ಏಳೂವರೆ. ಆಗ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ವೈದ್ಯರು ಮಾತ್ರೆಯನ್ನು ಆ ಹೊತ್ತಿಗೆ ಹೊಂದಿಸಿಕೊಟ್ಟಿದ್ದಾರೆ. ಆರೂವರೆ ಆಗಲಿಲ್ಲ, ಆಗದಿದ್ದರೂ ನಷ್ಟವಿಲ್ಲ. ಎಂಟಕ್ಕೆ ಅಡುಗೆಮನೆಯ ದೀಪ ಆರುತ್ತದೆ. ಟಿವಿ ಮುಂದೆ ತಟ್ಟೆ ಇಲ್ಲ. ಸಂಜೆ ಆರರ ಬೋಂಡದ ಹೊತ್ತಿನಲ್ಲಿ ನಾನು ಸೊಪ್ಪು ಸೋಸುತ್ತಿರುತ್ತೇನೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡಿಗೆ. ಎರಡು ವರ್ಷದಲ್ಲಿ ತೂಕ 84ರಿಂದ 77ಕ್ಕೆ ಬಂದಿದೆ. ಇದರಲ್ಲಿ ಬೇಗ ಉಂಡದ್ದರ ಪಾಲೆಷ್ಟು, ಬೋಂಡ ಬಿಟ್ಟದ್ದರ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ಬಿಡಿಸಲು ನಾನು ಪ್ರಯೋಗಶಾಲೆಯಲ್ಲ. ರಾತ್ರಿ ಹತ್ತರ ಹಸಿವು ಮಾತ್ರ ಹೋಗಿದೆ. ಅದು ಹೋದದ್ದೇ ಉಳಿದದ್ದಕ್ಕೆ ದಾರಿಯಾಯಿತು ಎಂದು ನನ್ನ ನಂಬಿಕೆ.

ಗೆಳೆಯನಿಗೆ ನನ್ನ ಉತ್ತರ ಇಷ್ಟು. ನಮ್ಮ ಹಿರಿಯರು ತಿಳಿದು ಬೇಗ ಉಂಡವರಲ್ಲ, ಸೀಮೆಎಣ್ಣೆ ಉಳಿಸಲು ಉಂಡವರು. ಅವರು ತೆಳ್ಳಗಿದ್ದದ್ದು ದುಡಿಮೆಯಿಂದ, ಕೊರತೆಯಿಂದ. ಆದರೂ ಅವರ ಊಟದ ಹೊತ್ತಿನಲ್ಲಿ ನಮಗೆ ಬೇಕಾದ ಒಂದು ಗುಣವಿದೆ. ಆ ಗುಣವನ್ನು ಮರಳಿ ತರುವುದು ಮನೆಯ ಒಬ್ಬ ಹೆಂಗಸಿನ ಹೆಗಲ ಮೇಲೆ ಬೀಳದಿರಲಿ. ಗಂಡಸರೂ ಮಕ್ಕಳೂ ಒಲೆಯ ಹತ್ತಿರ ಬರಲಿ.

ಸಮಿತಿಗೊಂದು ಅರಿಕೆ

ಕೊನೆಯದಾಗಿ ಒಂದು ಅರಿಕೆ. ಸುವರ್ಣ ಮಹೋತ್ಸವದ ಕರಡು ಆಮಂತ್ರಣ ಪತ್ರಿಕೆಯನ್ನು ಸಮಿತಿಯವರು ನನಗೆ ತೋರಿಸಿದರು. ಸಂಜೆ ಆರಕ್ಕೆ ಸಭಾ ಕಾರ್ಯಕ್ರಮ, ಎಂಟಕ್ಕೆ ಮಕ್ಕಳ ಸಾಂಸ್ಕೃತಿಕ ಕಾರ್ಯಕ್ರಮ, ಅದಾದ ಮೇಲೆ ಊಟ ಎಂದಿತ್ತು. ನಮ್ಮೂರಿನ ಸಭೆಗಳನ್ನು ಬಲ್ಲವರಿಗೆ ಆ ಊಟ ರಾತ್ರಿ ಹನ್ನೊಂದಕ್ಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಊಟವನ್ನು ಏಳಕ್ಕೆ ಇಟ್ಟು, ಭಾಷಣಗಳನ್ನು ಚಿಕ್ಕದು ಮಾಡಿ, ನಾಟಕ ನೃತ್ಯಗಳನ್ನು ಆಮೇಲೆ ಇಡಬೇಕೆಂದು ಕೇಳಿಕೊಂಡಿದ್ದೇನೆ. ಅಡುಗೆಯವರನ್ನೂ ವಿಚಾರಿಸಿದೆ. "ಏಳಕ್ಕೇ ಬಡಿಸಿಬಿಟ್ರೆ ನಾವೂ ಮಕ್ಕಳ ನಾಟಕ ನೋಡ್ತೀವಿ ಸಾರ್" ಎಂದರು. ಬಡಿಸಲು ನಮ್ಮ ಮೊದಲ ತಂಡದ ಹನ್ನೊಂದು ಜನ ಸೊಂಟಕ್ಕೆ ಟವೆಲು ಕಟ್ಟಿ ನಿಲ್ಲುತ್ತೇವೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಬನ್ನಿ.